ಕೆಂಪು ದಾರ ಕಟ್ಟಿದ ತಟ್ಟೆ

೩ ಫೆಬ್ರವರಿ ೨೦೨೫, ಸೋಮವಾರ

ಎಪ್ಪತ್ತೆರಡು ಪ್ರಾಕ್ಟಿಕಲ್ ರೆಕಾರ್ಡ್‌ಗಳಿಗೆ ಸಹಿ. ಒಬ್ಬಳು ಜಿರಳೆಗೆ ಐದು ಕಾಲು ಬರೆದಿದ್ದಾಳೆ, ಮಿಕ್ಕವರ ಜಿರಳೆಗಳಿಗೂ ಐದೇ. ಬೈದು ಬೈದು ಗಂಟಲು ಹೋಯಿತು.

ಮಧ್ಯಾಹ್ನ ಶ್ರೀಕರಣ್ಣನ ಫೋನು. ಶಿಡ್ಲಘಟ್ಟದ ಕಾಲೇಜಿನ ಹೊಸ ಲ್ಯಾಬಿಗೆ ಅವನ ಅಪ್ಪನ, ಅಂದರೆ ನಮ್ಮ ದೊಡ್ಡಪ್ಪನ ಹೆಸರು. ಡಾ. ಪುಟ್ಟಸ್ವಾಮಯ್ಯ ಪ್ರಯೋಗಾಲಯ. ೨೧ಕ್ಕೆ ಸಮಾರಂಭ. "ನೀನೇ ಮಾತಾಡ್ಬೇಕು ಕಣೇ ಶ್ರೀವಲ್ಲಿ. ಅಪ್ಪನ ಕೆಲಸ ಅರ್ಥ ಆಗೋದು ಮನೇಲಿ ನಿನ್ನೊಬ್ಬಳಿಗೇ."

ದೊಡ್ಡಪ್ಪ ಹೋಗಿ ಎಂಟು ತಿಂಗಳು. ಹದಿನೈದು ನಿಮಿಷದ ಭಾಷಣ, ಅದೇನು ಕಷ್ಟ? ರೇಷ್ಮೆಹುಳುವಿಗೆ ಒಂದು ದಿನ ತಂಪು ತಗುಲಿದರೆ ಗೂಡು ಕಟ್ಟುವುದು ಒಂದು ದಿನ ತಡವಾಗುತ್ತದೆ. ಬೆಳೆಯುವ ದೇಹ ಕಳೆದುಹೋದ ಹೊತ್ತನ್ನು ಕಾದು ತುಂಬಿಸಿಕೊಳ್ಳುತ್ತದೆ. ೧೯೮೫ರ ಪ್ರಯೋಗ. ಅದೇ ಅವರನ್ನು ದೊಡ್ಡವರನ್ನಾಗಿ ಮಾಡಿದ್ದು. ಇಪ್ಪತ್ತು ವರ್ಷದಿಂದ ನಾನೂ ಪಾಠ ಮಾಡುತ್ತಿದ್ದೇನೆ. ನನ್ನ ಪಿಎಚ್‌ಡಿ ನಿಂತಿರುವುದೂ ಅದರ ಮೇಲೆಯೇ.

೮ ಫೆಬ್ರವರಿ, ಶನಿವಾರ

ಮಂಡಿಕಲ್ ಕಡೆ ಹೋಗಿ ಆದಿಲಕ್ಷ್ಮಮ್ಮನನ್ನು ನೋಡಿ ಬಂದೆ. ಪ್ರಯೋಗ ನಡೆದದ್ದು ಅವರ ಹುಳುಮನೆಯಲ್ಲಿ, ಒಂದೇ ಬೆಳೆಯಲ್ಲಿ. ಭಾಷಣಕ್ಕೆ ಒಂದೆರಡು ತಮಾಷೆ ಪ್ರಸಂಗ ಸಿಗಲಿ ಎಂದು ಹೋದದ್ದು. ಸಿಕ್ಕಿತು, ನನ್ನ ಕರ್ಮ.

"ಅಯ್ಯನೋರು ಮಧ್ಯಾಹ್ನ ಸ್ಕೂಟ್ರಲ್ಲಿ ಬರೋರು. ತಟ್ಟೆಗೆ ಚೀಟಿ ಅಂಟಿಸಕ್ಕೆ ಹೋದ್ರು. ಗೋಂದು ಹಚ್ಬೇಡಿ ಸಾಮಿ, ಹುಳಕ್ಕೆ ವಾಸ್ನೆ ಆಗಲ್ಲ ಅಂದೆ. ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ್ರು. ಮೇಲಿನ ಅಂತಸ್ತಲ್ಲಿ ತಂಪಿನ ಹುಳ, ಕೆಳಗೆ ಮಾಮೂಲಿ."

"ಆಮೇಲೆ?"

"ಆಮೇಲೇನು. ದಿನಾ ಬೆಳಿಗ್ಗೆ ಸೊಪ್ಪು ಹಾಕೋವಾಗ ಮೇಲಿನ ತಟ್ಟೆ ಕೆಳಕ್ಕೆ, ಕೆಳಗಿಂದು ಮೇಲಕ್ಕೆ ಇಡ್ತಿದ್ದೆ."

ಕಾಫಿ ಲೋಟ ಕೆಳಗಿಟ್ಟೆ. "ಯಾಕೆ?"

"ಯಾಕೇನಮ್ಮಾ? ಮೇಲೆ ಕಾವು ಜಾಸ್ತಿ. ಎಲ್ಲ ಹುಳಕ್ಕೂ ಸಮ ಸಿಗ್ಬೇಕಲ್ಲ. ಎಲ್ರೂ ಹಂಗೇ ಮಾಡೋದು. ಅದನ್ನೂ ಹೇಳ್ಬೇಕಿತ್ತಾ?"

ದೊಡ್ಡಪ್ಪ ಕೇಳಲಿಲ್ಲ. ಆದಿಲಕ್ಷ್ಮಮ್ಮ ಹೇಳಲಿಲ್ಲ. ಬಸ್ಸಿನಲ್ಲಿ ದಾರಿ ಪೂರ್ತಿ ಮೇಲೆ, ಕೆಳಗೆ, ಮೇಲೆ ಎಂದು ಎಣಿಸುತ್ತಾ ಬಂದೆ.

೯ ಫೆಬ್ರವರಿ, ಭಾನುವಾರ

ತಂಪು ಕೊಟ್ಟದ್ದು ಹುಳು ನಾಲ್ಕನೇ ಜ್ವರ ಎದ್ದ ದಿನ. ಹುಳು ಊಟ ಬಿಟ್ಟು ಪೊರೆ ಕಳಚುವುದಕ್ಕೆ ಕೂತರೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಲ್ಲಿಂದ ಗೂಡಿಗೆ ಏಳು ಬೆಳಿಗ್ಗೆ. ಏಳು ಅದಲುಬದಲು. ಕೊನೆಗೆ ತಂಪಿನ ತಟ್ಟೆ ಕೆಳಗೆ, ಮಾಮೂಲಿ ತಟ್ಟೆ ಮೇಲೆ... ಚೀಟಿ ಮಾತ್ರ ಕಂಬದಲ್ಲೇ.

ಹಾಗಾದರೆ ಮೊದಲು ಗೂಡು ಕಟ್ಟಿದ್ದು ತಂಪಿನ ಹುಳುವಾ? ದೇಹ ಕಾಯುವುದಿಲ್ಲ, ಅವಸರ ಮಾಡುತ್ತದೆಯಾ? ಎಲ್ಲ ಉಲ್ಟಾ? ಹೊರಗಿನ ಇಬ್ಬರು ಸಂಶೋಧಕರು ತಮಗೆ ಉಲ್ಟಾ ಬಂತು ಎಂದಾಗ ದೊಡ್ಡಪ್ಪ "ಅವರ ತಳಿ ಬೇರೆ" ಎಂದಿದ್ದರು. ನಾವೆಲ್ಲ ಹೂಂ ಎಂದಿದ್ದೆವು.

ನಾಲ್ಕು ಸಲ ಎಣಿಸಿದೆ. ಬೆರಳು ಮಡಿಸಿಯೂ ಎಣಿಸಿದೆ. ಇವಳೊಬ್ಬಳು ಡಾಕ್ಟರೇಟು.

೧೧ ಫೆಬ್ರವರಿ, ಮಂಗಳವಾರ

ಆದಿಲಕ್ಷ್ಮಮ್ಮ ತಮ್ಮ ಸೊಸೆ ಭಾನುಪ್ರಿಯಾಳ ಫೋನಿನಿಂದ ಮಾತಾಡಿದರು. "ಅಮ್ಮಾ, ಆ ಸಲ ಹುಣ್ಣಿಮೆ ಪೂಜೆಗೆ ಕೈವಾರಕ್ಕೆ ಹೋಗಿದ್ನೇನೋ. ಹೋಗಿದ್ರೆ ಒಂದಿನ ತಟ್ಟೆ ಬದಲಾಯಿಸಿಲ್ಲ. ಇಲ್ಲಾ ಅದು ಮುಂದಿನ ವರ್ಷನೋ... ಏಮೋ, ಜ್ಞಾಪಕ ಬರ್ತಿಲ್ಲ."

ಹೋಗಿದ್ದರೆ ಆರು ಸಲ, ತಟ್ಟೆ ಮತ್ತೆ ತನ್ನ ಚೀಟಿಯ ಹತ್ತಿರವೇ — ದೊಡ್ಡಪ್ಪ ಸರಿ. ಹೋಗದಿದ್ದರೆ ಏಳು — ತಪ್ಪು. ನಲವತ್ತು ವರ್ಷದ ಕೀರ್ತಿ ಕೈವಾರದ ಒಂದು ಬಸ್ಸಿನ ಮೇಲೆ ನಿಂತಿದೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ದೊಡ್ಡಪ್ಪ ಯಾವಾಗಲೂ ಹೇಳುತ್ತಿದ್ದರು: "ನನ್ನನ್ನ ಕೇಳ್ಬೇಡ ಕಣಮ್ಮ, ಹುಳುನ ಕೇಳು."

೧೪ ಫೆಬ್ರವರಿ, ಶುಕ್ರವಾರ

ರಜೆ ಹಾಕಿದೆ. ಆದಿಲಕ್ಷ್ಮಮ್ಮನ ಈ ಬೆಳೆಯ ಹುಳುಗಳು ಇವತ್ತು ನಾಲ್ಕನೇ ಜ್ವರ ಎದ್ದವು. ಎರಡು ತಟ್ಟೆ. ಒಂದಕ್ಕೆ, ದೊಡ್ಡಪ್ಪ ಮಾಡಿದ ಹಾಗೆಯೇ, ಐಸ್ ಪೆಟ್ಟಿಗೆಯಲ್ಲಿ ಒಂದು ಹಗಲು. ಗೋಂದಿಲ್ಲ. ತಟ್ಟೆಯ ಅಂಚಿಗೆ ಕೆಂಪು ದಾರ. ತಟ್ಟೆ ಎಲ್ಲಿಗೆ ಹೋದರೂ ದಾರ ಜೊತೆಗೇ ಹೋಗುತ್ತದೆ.

"ಇಷ್ಟೇನಾ? ಆವತ್ತು ಕೇಳಿದ್ರೆ ನಾನೇ ಕಟ್ಟಿಕೊಡ್ತಿದ್ದೆ" ಎಂದರು.

೧೭ ಫೆಬ್ರವರಿ, ಸೋಮವಾರ

ಶ್ರೀಕರಣ್ಣನಿಗೆ ಹೇಳಿಬಿಟ್ಟೆ. ಉರಿದುಬಿದ್ದ. "ಹೋದೋರ ಹೆಸರು ಕೆಡಿಸಿ ನಿನಗೇನೇ ಸಿಗತ್ತೆ? ಆ ಅಮ್ಮಂಗೆ ವಯಸ್ಸಾಗಿದೆ, ಏನೋ ಹೇಳ್ತಾರೆ." ಫೋನಿಟ್ಟ.

ಇಲ್ಲೂ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ. ೧೯೯೯. ನನ್ನ ಪಿಎಚ್‌ಡಿ. ನನ್ನ ತಟ್ಟೆಗಳಲ್ಲೂ ತಂಪಿನ ಹುಳುವೇ ಮೊದಲು ಗೂಡು ಕಟ್ಟಿತ್ತು. ಕಣ್ಣಾರೆ ಕಂಡೆ. ದೊಡ್ಡಪ್ಪ ತಪ್ಪುವುದುಂಟೇ? ನಾನೇ ಎಲ್ಲೋ ಚೀಟಿ ಅದಲುಬದಲು ಮಾಡಿಕೊಂಡೆ ಎಂದು ಹೆದರಿದೆ. ಅಂಕಿಗಳನ್ನು ತಿರುವಿ ಬರೆದೆ. ದೊಡ್ಡಪ್ಪ ಬೆನ್ನು ತಟ್ಟಿದರು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಆಗಲೇ ಬಾಯಿ ಬಿಟ್ಟಿದ್ದರೆ ಅವರು ಬದುಕಿರುವಾಗಲೇ ತಿದ್ದಿಕೊಳ್ಳುತ್ತಿದ್ದರು. ತಿದ್ದಿಕೊಳ್ಳುತ್ತಿದ್ದರಾ? ಗೊತ್ತಿಲ್ಲ. ಅವರಿಗೆ ಆ ಅವಕಾಶವನ್ನೇ ನಾನು ಕೊಡಲಿಲ್ಲ.

೨೦ ಫೆಬ್ರವರಿ, ಗುರುವಾರ

ಎರಡು ಭಾಷಣ ಬರೆದಿಟ್ಟಿದ್ದೇನೆ. ಯಾವುದನ್ನು ಓದಲಿ?

ಸಂಜೆ ಆದಿಲಕ್ಷ್ಮಮ್ಮ ಕೇಳಿದರು: "ನನ್ನಿಂದ ಅಯ್ಯನೋರ ಹೆಸರು ಹೋಯ್ತು ಅಂತಾರಾ ಅಮ್ಮಾ?" ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಸೊಪ್ಪು ಕತ್ತರಿಸುತ್ತಲೇ ಮತ್ತೆ ಅದನ್ನೇ ಕೇಳಿದರು.

೨೧ ಫೆಬ್ರವರಿ, ಶುಕ್ರವಾರ, ಬೆಳಿಗ್ಗೆ ೬.೨೦

ಹುಳುಮನೆಯ ಜಗುಲಿ. ಕೆಂಪು ದಾರದ ತಟ್ಟೆಯಲ್ಲಿ ಹುಳುಗಳು ಹಣ್ಣಾಗಿವೆ. ಸೊಪ್ಪು ಮುಟ್ಟುತ್ತಿಲ್ಲ, ತಲೆ ಎತ್ತಿ ಆಡಿಸುತ್ತಿವೆ. ಆದಿಲಕ್ಷ್ಮಮ್ಮ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಿದ್ದಾರೆ. ಇನ್ನೊಂದು ತಟ್ಟೆ ಇನ್ನೂ ಕರಕರ ತಿನ್ನುತ್ತಿದೆ.

ಒಂದು ಸಲದ ಫಲಿತಾಂಶ ಸಾಲದು ಎನ್ನಬಹುದಿತ್ತು. ನನಗಿದು ಎರಡನೇ ಸಲ.

"ಕೈವಾರಕ್ಕೆ ನಾನು ಹೋಗಿರ್ಲಿಲ್ಲ ಅಂದಂಗಾಯ್ತು" ಎಂದರು ಅವರು, ತಲೆ ಎತ್ತದೆ.

೯.೦೫

ಸೀರೆ ಉಟ್ಟಾಯಿತು. ಆದಿಲಕ್ಷ್ಮಮ್ಮನನ್ನೂ ಹೊರಡಿಸಿದ್ದೇನೆ, ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ಎರಡೂ ಭಾಷಣ ಹರಿದು ಹಾಕಿದೆ. ಒಂದರಲ್ಲಿ ದೊಡ್ಡಪ್ಪ ದೇವರು, ಇನ್ನೊಂದರಲ್ಲಿ ಆದಿಲಕ್ಷ್ಮಮ್ಮ ಅಪರಾಧಿ. ಎರಡರಲ್ಲೂ ನಾನಿರಲಿಲ್ಲ. ಮುನಿಸಿಕೊಂಡಿದ್ದರೂ ಕರೆದೊಯ್ಯಲು ಬಂದ ಶ್ರೀಕರಣ್ಣ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಬರೆದುಕೊಳ್ಳದಿದ್ದರೆ ಅಲ್ಲಿ ನಾಲಿಗೆ ಹೊರಳುವುದಿಲ್ಲ.

ಎಲ್ಲರಿಗೂ ನಮಸ್ಕಾರ. ೧೯೯೯ರಲ್ಲಿ ನನ್ನ ತಟ್ಟೆಯ ಹುಳು ನನಗೆ ನಿಜವನ್ನೇ ಹೇಳಿತ್ತು. ನಾನು —