ಸವಾಲು ಕೂಗುವವನ ಸೀಟಿ

ಗಂಗಾವತಿ
ಗುರುವಾರ, ೧೨ ಜೂನ್ ೨೦೨೫

ದೋಸ್ತ ಅಯ್ಯಪ್ಪ ಮಾಸ್ತರಗೆ ಮಕ್ಬುಲಸಾಬನ ಸಲಾಂ.

ಬೇವೂರಿನ ಸಮಸ್ತ ಜನತೆಗೆ, ಮುಖ್ಯವಾಗಿ ನಿನಗೆ, ಈ ಮೂಲಕ ಘೋಷಿಸುವುದೇನೆಂದರೆ, ನಮ್ಮ ಮನೆಗೆ ಒಂದು ಸೀಟಿ ಆಗಮಿಸಿದೆ. ಕೆಂಪು ಪ್ಲಾಸ್ಟಿಕ್ಕಿನದು, ಕೊರಳಿಗೆ ಹಾಕಿಕೊಳ್ಳಲು ಕರಿ ದಾರವೂ ಉಂಟು. ಒಂದು ಸಲ ಊದಿದರೆ ಚಹಾ, ಎರಡು ಸಲ ಊದಿದರೆ ಊಟ ಎಂದು ಮನೆಯಾಕೆ ಮೈಮುನಬಿಗೂ ನನಗೂ ಒಪ್ಪಂದವಾಗಿದೆ. ಉದ್ಘಾಟನೆಯ ದಿನ ಜೋರಾಗಿಯೇ ಊದಿದೆ. ಚಹಾ ಬರಲಿಲ್ಲ. ಕಸದ ಗಾಡಿ ಬಂತೆಂದು ಓಣಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಪಕ್ಕದ ಮನೆಯ ಬಾಷಾಬಿಯಂತೂ ತಂದ ಕಸವನ್ನು ವಾಪಸು ಒಯ್ಯುವುದು ಅಪಶಕುನವೆಂದು ನಮ್ಮ ಕಟ್ಟೆಯ ಮೇಲೇ ಇಟ್ಟು ಹೋದಳು.

ಕಾಗದ ತಡವಾಯಿತು, ಮಾಫ್ ಮಾಡು. ಫೋನು ಮಾಡೋಣವೆಂದರೆ ನನ್ನ ದನಿ ಈಗ ಸೈಕಲ್ ಪಂಪಿನದು. 'ಹಲೋ' ಎಂದರೆ ಆ ಕಡೆಯವರು ಗಾಳಿ ಸದ್ದೆಂದು ಇಟ್ಟುಬಿಡುತ್ತಾರೆ. ನಿನ್ನ ಮೊಬೈಲಿಗೆ ಬರೆದು ಕಳಿಸಿದ್ದಕ್ಕೆಲ್ಲ ನೀಲಿ ಗೀಟು ಬಿದ್ದವು, ಉತ್ತರ ಮಾತ್ರ ಬರಲಿಲ್ಲ. ಸಾಲಿ ಶುರುವಾದ ಗಡಿಬಿಡಿ ಇರಬೇಕು ಎಂದುಕೊಂಡು ಕಾಗದಕ್ಕೆ ಕೂತಿದ್ದೇನೆ. ಕೂತಿದ್ದೇನೆ ಎಂಬುದೂ ಪೂರ್ತಿ ನಿಜವಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಓಣಿಯ ತುದಿಗೆ ಹೋಗಿ ಬಂದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.

ಗಂಟಲ ಗಂಟು ತೆಗೆಸಿ ವರ್ಷವಾಯಿತು. ಗಂಟಿನ ಜೊತೆ ದನಿಯೂ ಹೋದದ್ದು ನಿನಗೆ ಗೊತ್ತೇ ಇದೆ. 'ಬಿಸಿನೀರು ಮುಕ್ಕಳಿಸ್ರಿ, ಬರತೈತಿ' ಎಂದು ಆಸ್ಪತ್ರೆಯವರು ತಿಂಗಳುಗಟ್ಟಲೆ ಹೇಳಿದರು. ನಾನು ಮುಕ್ಕಳಿಸಿದ ನೀರಿನಲ್ಲಿ ಮರಳಿ ಊರಿನ ಗದ್ದೆಯಲ್ಲಿ ಒಂದು ಮಡಿ ಭತ್ತ ನಾಟಿ ಮಾಡಬಹುದಿತ್ತು. ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಮೂಗಿನಿಂದ ನಳಿಕೆ ಇಳಿಸಿ ನೋಡಿ, ಆಪರೇಷನ್ನಿನಲ್ಲಿ ದನಿಯ ನರಕ್ಕೆ ಪೆಟ್ಟಾಗಿದೆ, ಇಷ್ಟು ದಿನವಾದ ಮೇಲೆ ಇನ್ನು ಮೊದಲಿನಂತಾಗದು ಎಂದರು.

ಬೆಳಗಾದರೆ ಕಾಲುಗಳು ನನ್ನನ್ನು ಕೇಳದೆ ಕಾಯಿಪಲ್ಲೆ ಮಾರುಕಟ್ಟೆಗೆ ಹೋಗುತ್ತವೆ. ನಾನು ಅರ್ಧ ಆಯುಷ್ಯ ಹರಾಜಿನ ಸವಾಲು ಕೂಗಿದ ಕಟ್ಟೆಯ ಮೇಲೆ ಈಗ ನನ್ನ ಜಾಗಕ್ಕೆ ಬಂದ ತಾಹೇರ ಮೈಕು ಹಿಡಿದು ನಿಲ್ಲುತ್ತಾನೆ. ಮೈಕು, ಮಾಸ್ತರ. ನನ್ನ ಕಾಲದಲ್ಲಿ ಟೊಮ್ಯಾಟೊ ದರ ಬಸ್ ಸ್ಟ್ಯಾಂಡಿನಲ್ಲಿ ಕುಳಿತವರಿಗೂ ಕೇಳುತ್ತಿತ್ತು. ಅವನು ಕೂಗುವಾಗ ಕೆಳಗೆ ನಿಂತ ನನ್ನ ತುಟಿಗಳು ಆಡುತ್ತವಂತೆ. ಮಕ್ಬುಲಸಾಬ ಏನೋ ಜಪ ಹಿಡಿದಾನ ಎಂದು ಹನುಮಸಾಗರದ ರೈತನೊಬ್ಬ ಸುದ್ದಿ ಹಬ್ಬಿಸಿದ್ದಾನೆ.

ಇನ್ನು ಕೇಸಿನ ವಿಷಯ. ಕೊಪ್ಪಳದ ಗ್ರಾಹಕರ ಆಯೋಗದಲ್ಲಿ ದಾವೆ ನಡೆದಿದೆ. ಕಾಯದೆಯ ಪ್ರಕಾರ ರೋಗಿಯೂ ಗ್ರಾಹಕನೇ ಅಂತೆ. ಜನ್ಮವೆಲ್ಲ ಮಾರುವವರ ಪರವಾಗಿ ಕೂಗಿದ ನಾನು ಈಗ ಕೊಂಡವನಾಗಿ, ಅದೂ ಕೆಟ್ಟ ಮಾಲು ಕೊಂಡವನಾಗಿ ನಿಂತಿದ್ದೇನೆ. ವಕೀಲರು ರೇಣುಕಾದೇವಿ ಎಂಬುವರು, ಮಾತು ಕಡಿಮೆ, ನೋಟ ಜಾಸ್ತಿ. ನನ್ನ ಆಪರೇಷನ್ನಿನ ಕಾಗದಗಳು ಸಿಗುತ್ತಿಲ್ಲ ಎಂದು ಆಸ್ಪತ್ರೆಯವರು ಮೊದಲು ಹೇಳಿದ್ದರು. ರೋಗಿ ಕೇಳಿದರೆ ಕೊಡಲೇಬೇಕು, ಅದು ಅವನ ಹಕ್ಕು ಎಂದು ಇವರು ಒಂದು ನೋಟಿಸು ಬರೆದರು. ಕಾಗದಗಳು ಕೂಡಲೇ ಸಿಕ್ಕವು.

ಆಮೇಲೆ ಆಸ್ಪತ್ರೆಯ ಕಡೆಯವನೊಬ್ಬ ರಾಜಿಗೆ ಬಂದ. ಕೇಸು ಹಿಂದಕ್ಕೆ ತಗೊಂಡು, ಈ ವಿಷಯ ಎಲ್ಲೂ ಮಾತಾಡುವುದಿಲ್ಲ ಎಂದು ಬರೆದುಕೊಡಬೇಕಂತೆ. ಮಾತೇ ಹೋದವನಿಂದ ಮಾತಾಡುವುದಿಲ್ಲವೆಂದು ಬರೆಸಿಕೊಳ್ಳುವ ಮುಂಜಾಗ್ರತೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಮೈಮುನಬಿ ಬಾಗಿಲಿಗೆ ಬಂದು ನಿಂತು ಅಂದಳು:

'ಗಂಟಲಾ ತಗೊಂಡ್ರಿ. ಈಗ ಬಾಯೀನೂ ಬೇಕೇನ್ರಿ?'

ಅವನು ಚಹಾ ಅರ್ಧಕ್ಕೇ ಬಿಟ್ಟು ಹೋದ.

ಈಗ ಮುಖ್ಯ ಮಾತು. ಆಯೋಗಕ್ಕೆ ಅವರು ಕೊಟ್ಟ ಉತ್ತರದಲ್ಲಿ ನಿನಗೆ ಭಾರಿ ಸನ್ಮಾನವಾಗಿದೆ. ದನಿ ಹೋಗುವ ಸಂಭವವನ್ನು ರೋಗಿಯ ಗೆಳೆಯರೂ ವಿದ್ಯಾವಂತ ಶಿಕ್ಷಕರೂ ಆದ ಅಯ್ಯಪ್ಪನವರಿಗೆ ವಿವರಿಸಲಾಗಿದೆಯಂತೆ, ನೀನು ಒಪ್ಪಿಗೆ ಪತ್ರವನ್ನು ಓದಿ, ತಿಳಿದು, ಸಹಿ ಮಾಡಿದ್ದೀಯಂತೆ. ಓದಿ! ನಿನ್ನ ಚಷ್ಮಾ ಆಪರೇಷನ್ನಿನ ದಿನ ಬೇವೂರಿನಲ್ಲಿತ್ತು. ಹಿಂದಿನ ಸಂಜೆಯ ಚಹಾದ ಬಿಲ್ಲನ್ನೇ ನೀನು ನನ್ನ ಕೈಲಿ ಓದಿಸಿದ್ದೆ. ಮೈಮುನಬಿ ಔಷಧ ತರಲು ಕೆಳಗೆ ಹೋಗಿದ್ದಳು. 'ಲಗು ಸಹಿ ಮಾಡ್ರಿ, ಡಾಕ್ಟರ್ ಕಾಯಾಕತ್ಯಾರ' ಎಂದು ನರ್ಸಮ್ಮ ಪೆನ್ನು ಕೊಟ್ಟಳು, ನೀನು ಮಾಡಿದೆ. ನಾನು ಅಲ್ಲೇ ಬೆಂಚಿನ ಮೇಲೆ, ಪೂರ್ತಿ ಎಚ್ಚರದಲ್ಲಿ, ಆ ಹಸಿರು ಅಂಗಿಯ ಲಾಡಿ ಹುಡುಕುತ್ತ ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಇದನ್ನೆಲ್ಲ ರೇಣುಕಾದೇವಿಯವರಿಗೆ ಬರೆದು ತೋರಿಸಿದೆ. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ: 'ಎಚ್ಚರ ಇದ್ದ ಮನಶಾಗ ತಿಳಿಸಿ ಹೇಳಿ, ಅವನ ಒಪ್ಪಿಗೀನ ತಗೋಬೇಕ್ರಿ. ದೋಸ್ತನ ಸಹಿ ತಗೊಂಡು ನಿಮ್ಮ ಕುತ್ತಿಗಿ ಕೊಯ್ಯಾಕ ಬರಂಗಿಲ್ಲ. ತಪ್ಪು ಮಾಸ್ತರದಲ್ಲ, ಕೇಳದವರದು.'

ಆದರೆ ಅಲ್ಲಿ ಯಾರೂ ಯಾರಿಗೂ ಏನೂ ವಿವರಿಸಲಿಲ್ಲ ಎಂದು ಹೇಳಬೇಕಾದವನು ನೀನೇ. ಸೋಮವಾರ ನಿನ್ನ ಸಾಕ್ಷಿ. ನೀನು ಬರದಿದ್ದರೆ ಅವರು ಬರೆದದ್ದೇ ಉಳಿಯುತ್ತದೆ. ಪ್ರಶ್ನೆಯನ್ನು ಎರಡು ಸಲ ಓದಿರೆಂದು ಮಕ್ಕಳ ಕಿವಿ ಹಿಂಡುವ ಮಾಸ್ತರನಿಗೆ, ತಾನೇ ಓದದೆ ಸಹಿ ಮಾಡಿದೆ ಎಂದು ನಾಲ್ಕು ಜನರ ಮುಂದೆ ಹೇಳುವುದು ಎಂಥ ಕಷ್ಟವೆಂದು ನನಗೆ ಗೊತ್ತು.

ಮನೆಯವರಿಗೆ ಸಲಾಂ ತಿಳಿಸು. ಮಗಳು ಸಹನಾಗೆ ಈ ಕಾಕಾನ ಆಶೀರ್ವಾದ, ಪರೀಕ್ಷೆ ಛಲೋ ಬರೆಯಲಿ. ದೇವರು ನಿಮ್ಮನ್ನೆಲ್ಲ ಸುಖವಾಗಿ ಇಟ್ಟಿರಲಿ.

ನಿನ್ನ
ಮಕ್ಬುಲಸಾಬ

ತಾ.ಕ.: ಸೀಟಿ ತಂದದ್ದು ಚಹಾಕ್ಕಲ್ಲ. ಹೋದ ತಿಂಗಳು ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡೆ, ನೀನು ನಿಮ್ಮೂರ ಕಡೆಯ ಯಲಬುರ್ಗಾ ಬಸ್ಸು ಹತ್ತುತ್ತಿದ್ದೆ. 'ಅಯ್ಯಪ್ಪಾ' ಎಂದು ಕೂಗಿದೆ. ಇದ್ದ ಉಸಿರೆಲ್ಲ ಹಾಕಿ ಕೂಗಿದೆ. ಎದುರಿಗಿದ್ದ ಕಡಲೆಕಾಯಿಯವನೂ ಕತ್ತೆತ್ತಲಿಲ್ಲ. ನಿನಗೆ ಕೇಳಿಸಲಿಲ್ಲವೋ, ನನ್ನನ್ನು ಕಂಡೇ ಹತ್ತಿದೆಯೋ, ಅವತ್ತಿನಿಂದ ಒಂದು ಕಡೆ ಕೂಡಲು ಆಗುತ್ತಿಲ್ಲ. ಮರುದಿನವೇ ಸೀಟಿ ಕೊಂಡೆ. ಸೋಮವಾರ ಬೆಳಿಗ್ಗೆ ಅದೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಚಷ್ಮಾ ಮರೆಯದೆ ತಾ. ಮತ್ತೆ, ಸೀಟಿ ಕೇಳಿದರೆ ಕಸದ ಗಾಡಿ ಎಂದುಕೊಳ್ಳದೆ ಒಂದು ಸಲ ಹಿಂದಕ್ಕೆ ತಿರುಗಿ ನೋಡು.