ಗೇಟಿನವರೆಗೂ ಯೆಜ್ಡಿ

ಜಯಲಕ್ಷ್ಮಿಪುರಂ, ಮೈಸೂರು
೧೨ ಆಗಸ್ಟ್ ೧೯೯೯

ನಿವಾಸಿಗಳ ಸಂಘದ ಅಧ್ಯಕ್ಷರಾದ ಶ್ರೀ ಷಡಕ್ಷರಿಯವರಿಗೆ ವಂದನೆಗಳು.

ನನ್ನ ಹಳೆಯ ಯೆಜ್ಡಿ ಬೈಕಿನ ಸದ್ದು ಮತ್ತು ಹೊಗೆಯ ಬಗ್ಗೆ ನೀವು ಕಳಿಸಿದ ನೋಟಿಸ್ ತಲುಪಿತು. ಈ ಊರಿನಲ್ಲೇ ತಯಾರಾದ ಗಾಡಿಯ ಸದ್ದು ಈ ಊರಿನವರಿಗೇ ಬೇಡವಾಯಿತೇ? ನಿಮ್ಮ ಮಗ ಅಮರೇಶನ ಮದುವೆಯಲ್ಲಿ, ಮನೆಯಲ್ಲೇ ಮರೆತುಬಂದಿದ್ದ ತಾಳಿಯನ್ನು ಛತ್ರಕ್ಕೆ ತಲುಪಿಸಿದ್ದು ಇದೇ ಗಾಡಿ. ಅಂದು ಬೀದಿಯ ತುದಿಯಲ್ಲಿ ಸದ್ದು ಕೇಳಿದ ಕೂಡಲೇ ನೀವು, "ಮೃತ್ಯುಂಜಯ ಬಂದ್ಬುಟ್ರು ಕಣ್ರಯ್ಯ, ವಾಲಗ ಊದಿ" ಎಂದಿರಿ.

ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟು ಒಂದು ವಾರ ನಮ್ಮ ಬೀದಿಯ ತಿರುವಿನಲ್ಲೇ ಎಂಜಿನ್ ಆರಿಸಿ, ಗಾಡಿಯನ್ನು ತಳ್ಳಿಕೊಂಡು ಬಂದೆ. ಪಾರ್ಶ್ವವಾಯು ಬಡಿದ ಮೇಲೆ ನನ್ನ ಹೆಂಡತಿ ಪ್ರೇಮಲೀಲಾಳ ಮಾತು ನಿಂತುಹೋದದ್ದು ನಿಮಗೆ ಗೊತ್ತು. ಸಂಜೆ ಗಾಡಿಯ ಸದ್ದಿಗೆ ಬಾಗಿಲ ಕಡೆ ತಿರುಗುವುದೊಂದು ಉಳಿದಿತ್ತು. ಆ ವಾರ ಅದೂ ನಿಂತಿತು.

ನಿನ್ನೆ ಸಿಟ್ಟು ಬಂದು ಗೇಟಿನವರೆಗೂ ಓಡಿಸಿಕೊಂಡೇ ಬಂದೆ. ಹೊಗೆ ಕಿಟಕಿಯೊಳಗೆ ನುಗ್ಗಿತು. ಒಳಗೆ ಹೋದರೆ ಅವಳು ಮುಖ ಸಿಂಡರಿಸಿ, ತೊದಲುತ್ತಾ, "ಆಯಿಲ್ ಜಾಸ್ತಿ ಹಾಕ್ಬುಟ್ಟಿದ್ದೀರ ಕಣ್ರೀ" ಎಂದಳು. ಮೊದಲೆಲ್ಲ ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸುತ್ತಿದ್ದವಳು ಅವಳೇ.

ಹೊಗೆಯ ಬಗ್ಗೆ ನಿಮ್ಮ ದೂರು ಸರಿಯಾದದ್ದು. ಆಯಿಲ್ ಕಡಿಮೆ ಮಾಡುತ್ತೇನೆ. ಸದ್ದನ್ನು ಮಾತ್ರ, ತಿರುವಿನಿಂದ ನಮ್ಮ ಗೇಟಿನವರೆಗೆ, ದಯವಿಟ್ಟು ಇರಲು ಬಿಡಿ. ಇವತ್ತು ಸಂಜೆ ಏನನ್ನುತ್ತಾಳೋ ಕೇಳಬೇಕು.

ಇಂತಿ ನಿಮ್ಮ ನೆರೆಮನೆಯ
ಮೃತ್ಯುಂಜಯ