ಲೆನ್ಸಿಗೆ ಅಂಗೈ ಮುಚ್ಚಿದ ಅತ್ತೆಗೆ

ಅತ್ತೆ,

ಸಿಟ್ಟಿನಲ್ಲೇ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಹೋಗಿ ಐದು ತಿಂಗಳಾಯಿತು. ಅಷ್ಟೂ ತಿಂಗಳು ನಾನು ಕಂಪ್ಯೂಟರ್ ಮುಂದೆ ಕೂತು, ಕ್ಯಾಮೆರಾ ನಿಮ್ಮ ಬೆರಳುಗಳ ಮೇಲೆ ಎಳೆದಿಟ್ಟ ಗೆರೆಗಳನ್ನು ಅಳಿಸುತ್ತಿದ್ದೇನೆ. ಹೋದವರ ಮೇಲೆ ಸಿಟ್ಟು ಮಾಡಬಾರದಂತೆ. ಹಾಗಾದರೆ ಇದನ್ನೆಲ್ಲ ಯಾರ ಮೇಲೆ ತೀರಿಸಿಕೊಳ್ಳಲಿ?

ಮದುವೆಯಾಗಿ ಅಂಕೋಲೆಯಿಂದ ಸದಾಶಿವಗಡಕ್ಕೆ ಬಂದ ಮೊದಲ ವಾರ, ನಿಮ್ಮೆದುರು ಕೂತು ಬಳಚು ಬಿಡಿಸಲು ಹೋಗಿ ಹೆಬ್ಬೆರಳು ಕೊಯ್ದುಕೊಂಡದ್ದು ನೆನಪಿದೆಯೇ? ಕಾಳಿ ನದಿಯ ಕೆಸರಿನಿಂದ ಆರಿಸಿ ತಂದ ಆ ಕಪ್ಪೆಚಿಪ್ಪುಗಳನ್ನು ನೀವು ಮಣೆಯ ಮೇಲೆ ಕೂತು ಮೆಟ್ಟುಗತ್ತಿಗೆ ಹೀಗೆ ತಾಗಿಸಿದರೆ ಹಾಗೆ ಬಾಯಿ ಬಿಡುತ್ತಿದ್ದವು, ಒಳಗಿನ ಮಾಂಸ ಇಡಿಯಾಗಿ ಪಾತ್ರೆಗೆ ಬೀಳುತ್ತಿತ್ತು. ನನ್ನದು ಬರೀ ಚಿಂದಿ. ಬೇಯಿಸಿ ಬಾಯಿ ಬಿಡಿಸೋಣ ಎಂದರೆ ರುಚಿಯೆಲ್ಲ ನೀರಿಗೆ ಹೋಗುತ್ತದೆಂದು ಮೂಗು ಮುರಿಯುತ್ತಿದ್ದಿರಿ. ಹೇಗೆ ಮಾಡುವುದೆಂದು ಕೇಳಿದರೆ, ನೋಡಿ ಕಲಿ. ಏನನ್ನು ನೋಡುವುದು? ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತಿತ್ತು. ಹದಿನಾರು ವರ್ಷ ನೋಡಿದೆ, ಕಲಿಯಲಿಲ್ಲ. ನಿಮ್ಮ ಮಗನಿಗೂ ಬಾರದು. ಈ ಮನೆಯಲ್ಲಿ ಆ ಕೈ ಇದ್ದದ್ದು ನಿಮ್ಮೊಬ್ಬರಿಗೆ, ನೀವೋ...

ಅದಕ್ಕೇ ಆ ಭಾನುವಾರ ನಾನು ಕೆಲಸ ಮಾಡುವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಿಂದ ಕ್ಯಾಮೆರಾ ಕೇಳಿ ತಂದೆ. ಸೆಕೆಂಡಿಗೆ ಎರಡು ಸಾವಿರ ಚಿತ್ರ ತೆಗೆದು, ಕ್ಷಣದ ಕೆಲಸವನ್ನು ನಿಧಾನವಾಗಿ ಎಳೆದು ತೋರಿಸುವಂಥದ್ದು. ಅಷ್ಟು ವೇಗಕ್ಕೆ ಬೆಳಕು ಬಹಳ ಬೇಕು, ಬಿಸಿಲಿಗೆ ಬನ್ನಿ ಎಂದು ಬೇಡಿಕೊಂಡೆ. ನೀವು ಜಗಲಿಯ ಮೂಲೆ ಬಿಟ್ಟು ಕದಲಲಿಲ್ಲ. ಮಬ್ಬಿನಲ್ಲಿ ತೆಗೆದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಹುಳುಕೆಲ್ಲ ಉದ್ದುದ್ದ ಗೆರೆಗಳಾಗಿ ಚಿತ್ರದ ಮೇಲೆ ಏಳುತ್ತದೆ. ನಿಮ್ಮ ಕನ್ನಡಕದ ಗೀರಿನ ಹಾಗೆ, ಎದುರಿಗೆ ಏನು ಬಂದರೂ ಅವು ಇದ್ದಲ್ಲೇ ಇರುತ್ತವೆ. ಮದ್ದೇನೋ ಸುಲಭದ್ದು. ಲೆನ್ಸಿಗೆ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬರೀ ಕತ್ತಲೆಯನ್ನು ತೆಗೆಯಬೇಕು. ಆ ಕತ್ತಲೆಯಲ್ಲಿ ಗೆರೆ ಮಾತ್ರ ಉಳಿಯುತ್ತದೆ. ಅದನ್ನು ಚಿತ್ರದಿಂದ ಕಳೆದುಬಿಟ್ಟರೆ ಆಯಿತು.

ನಾನು ಮುಚ್ಚಳ ಹಾಕಿದ್ದೇ ತಡ, ನೀವು ನಕ್ಕಿರಿ. “ಮುಚ್ಚಿಟ್ಕಂಡು ಎಂತ ತೆಗೂದು ತಂಗಿ? ಅಷ್ಟು ಹೊತ್ತಿಗೆ ನಾ ನಾಲ್ಕು ಬಿಡ್ಸಿ ಆಗ್ತದೆ.” ಹೇಳಿದಂತೆ ಬಿಡಿಸಿಯೂ ಬಿಟ್ಟಿರಿ, ಅದೂ ಮುಚ್ಚಳ ಇದ್ದಾಗಲೇ! ಹೀಗೆ ಎಷ್ಟು ಸಲ? ಕೊನೆಗೆ ತಲೆಕೆಟ್ಟು, ಕತ್ತಲೆಯನ್ನು ನಾಳೆ ಕಾಲೇಜಿನಲ್ಲೇ ತೆಗೆದರಾಯಿತೆಂದು ಮುಚ್ಚಳವನ್ನು ಬ್ಯಾಗಿಗೆ ಹಾಕಿದೆ. ಸಾಲದ್ದಕ್ಕೆ ಪ್ರತಿ ಸಲ ನಾನು ನಿಲ್ಲಿಸುವ ಗುಂಡಿ ಒತ್ತಿದ ಕೂಡಲೇ ನೀವು ಕೂತಲ್ಲಿಂದಲೇ ಕೈ ಚಾಚಿ ಲೆನ್ಸಿಗೆ ಒದ್ದೆ ಅಂಗೈ ಒತ್ತಿ ಮುಚ್ಚುವುದು. ಉಪ್ಪುನೀರು, ಕೆಸರು, ಬಳಚಿನ ಲೋಳೆ. ಕಾಲೇಜಿನ ವಸ್ತು ಎಂದು ರೇಗಿದೆ. ಮುಚ್ಚದೆ ಇಟ್ಟರೆ ಉಪ್ಪುಗಾಳಿ ತಿಂದುಹಾಕುತ್ತದೆ ಎಂದಿರಿ. ಅನ್ನದ ಪಾತ್ರೆ, ರೇಡಿಯೊ, ಹೊಲಿಗೆ ಯಂತ್ರ, ಈ ಮನೆಯಲ್ಲಿ ನೀವು ಮುಚ್ಚದೆ ಬಿಟ್ಟದ್ದಾದರೂ ಯಾವುದು?

ಸಂಜೆ ಕ್ಯಾಮೆರಾ ಕಟ್ಟಿಡುವಾಗ, ಈಗಲಾದರೂ ಗುಟ್ಟು ಹೇಳಿ ಎಂದೆ. “ನಿನ್ನ ಮಿಶನ್ನಿಗೆ ತೋರ್ಸಿ ಆಯ್ತಲ್ಲ, ಅದ್ರ ಹತ್ರೇ ಕೇಳು” ಎಂದಿರಿ. ಮರುವಾರ ಆಸ್ಪತ್ರೆಗೆ ಹೋದವರು ಮತ್ತೆ ಜಗಲಿಗೆ ಬರಲಿಲ್ಲ.

ಕಾಲೇಜಿನ ತಣ್ಣನೆಯ ಎ.ಸಿ. ಕೋಣೆಯಲ್ಲಿ ತೆಗೆದ ಕತ್ತಲೆಯನ್ನು ಕಳೆದು ನೋಡಿದ ದಿನ, ಒಂದಿದ್ದ ಗೆರೆ ಎರಡಾಗಿತ್ತು. ಸೆನ್ಸರಿನ ಬಿಸಿ ಬದಲಾದರೆ ಗೆರೆಯೂ ಬದಲಾಗುತ್ತದೆ. ಅದನ್ನು ಮಕ್ಕಳಿಗೆ ಪಾಠ ಹೇಳುವವಳು ನಾನೇ, ಮರೆತವಳೂ ನಾನೇ. ಗೆರೆಗಳನ್ನು ತಿಕ್ಕಿ ನಯ ಮಾಡಿದರೆ ಕತ್ತಿಯ ತುದಿಯೂ ಮಾಯ. ಎಲ್ಲಕ್ಕಿಂತ ದಪ್ಪ ಗೆರೆ ನಿಂತದ್ದು ಎಲ್ಲಿ ಗೊತ್ತೇ? ಕತ್ತಿಯ ಅಲಗಿಗೂ ನಿಮ್ಮ ಎಡಗೈ ಹೆಬ್ಬೆರಳಿಗೂ ನಡುವೆ. ನನಗೆ ಬೇಕಾದದ್ದು ಇದ್ದದ್ದೂ ಅಲ್ಲೇ.

ಮೊನ್ನೆ ಗುರುವಾರ ಎಲ್ಲ ಬಿಟ್ಟುಬಿಡೋಣ ಎನಿಸಿತು. ಕಂಪ್ಯೂಟರಿನಲ್ಲಿ ಜಾಗ ತೆರವು ಮಾಡಲು, ಪ್ರತಿ ದೃಶ್ಯದ ಕೊನೆಗೆ ನಿಮ್ಮ ಅಂಗೈ ಬಂದ ಭಾಗವನ್ನು ಕತ್ತರಿಸಿ ಎಸೆಯಲು ಕೂತೆ. ನಿಲ್ಲಿಸುವ ಗುಂಡಿ ಒತ್ತಿದ ಮೇಲೂ ಆ ಕ್ಯಾಮೆರಾ ಎರಡು ಸೆಕೆಂಡು ತೆಗೆಯುತ್ತಲೇ ಇರುತ್ತದೆ. ಅಲ್ಲಿದ್ದದ್ದು ಬರೀ ಕಪ್ಪು. ಅದೇ ಜಗಲಿ, ಅದೇ ಸೆಕೆ, ಅದೇ ವೇಗ, ಸಾವಿರಾರು ಚಿತ್ರ ಕಪ್ಪು. ಅವತ್ತು ಮುಚ್ಚಳ ಹಾಕಿ ನಾನು ತೆಗೆಯಬೇಕಿದ್ದ ಕತ್ತಲೆ ಅದೇ ಅತ್ತೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದು, ನಿಮ್ಮ ಅಂಗೈಯ ಕತ್ತಲೆಯನ್ನು ನಿಮ್ಮ ಚಿತ್ರದಿಂದ ಕಳೆದೆ. ಗೆರೆ ಹೋಯಿತು. ಮೊದಲು ಸಿಟ್ಟು ಬಂತು, ಆಮೇಲೆ ಅಳು. ಐದು ತಿಂಗಳು ಶಪಿಸಿದ್ದು ಅದೇ ಅಂಗೈಯನ್ನು.

ಈಗ ಎಲ್ಲ ಕಾಣುತ್ತದೆ. ಚಿಪ್ಪು ಕತ್ತಿಗೆ ತಾಗಿದ ಮೇಲೆ ನಿಮ್ಮ ಕೈ ನಿಂತುಬಿಡುತ್ತದೆ. ಮುನ್ನೂರು ಚಿತ್ರಗಳವರೆಗೆ ಅಲುಗುವುದಿಲ್ಲ. ಬಳಚು ತಾನಾಗಿ ಸಡಿಲಾಗುವ ತನಕ ಹೆಬ್ಬೆರಳು ಕಾಯುತ್ತದೆ, ಒತ್ತುವುದೇ ಇಲ್ಲ. ನಾನು ಹದಿನಾರು ವರ್ಷ ಒತ್ತುತ್ತಲೇ ಇದ್ದೆ! ಕಾಯಬೇಕು ಅಂತ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅಥವಾ ನೀವು ಕಾಯುತ್ತಿದ್ದೀರೆಂದು ನಿಮಗೂ ಗೊತ್ತಿರಲಿಲ್ಲವೇ?

ನಿನ್ನೆ ಬೆಳಿಗ್ಗೆ ನಿಮ್ಮ ಮೂಲೆಯಲ್ಲಿ, ನಿಮ್ಮ ಮೆಟ್ಟುಗತ್ತಿಯ ಮೇಲೆ ಕೂತೆ. ಹನ್ನೆರಡು ಬಿಡಿಸಿದೆ. ಹನ್ನೊಂದು ಚಿಂದಿ, ನಗಬೇಡಿ. ಹನ್ನೆರಡನೆಯದಕ್ಕೆ ಕೈ ನಿಲ್ಲಿಸಿ ಕಾದೆ. ಇಡಿಯಾಗಿ ಬಂತು. ನಿಮ್ಮ ಮಗ ಪಕ್ಕದಲ್ಲೇ ನಿಂತಿದ್ದರು. ಆ ಒಂದನ್ನು ಎತ್ತಿ ತಟ್ಟೆಯಲ್ಲಿಟ್ಟು, ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.

ನಿಮ್ಮ ಸೊಸೆ